ಮಕ್ಕಳ ಕಟಕಟೆಯಲ್ಲಿ ಒಬ್ಬ ಡಾಕ್ಟರು

ಆರು ತಿಂಗಳ ಅವಧಿಯಲ್ಲಿ ಆ ಡಾಕ್ಟರು ತಮ್ಮ ಮೇಲೆ ತಾವೇ ಐದು ಸಲ ದೂರು ಕೊಟ್ಟುಕೊಂಡರು. ಒಬ್ಬ ಹುಡುಗನ ಕಪಾಳಕ್ಕೆ ಹೊಡೆದದ್ದಕ್ಕೆ ಒಂದು. ಇನ್ನೊಬ್ಬನನ್ನು ಮಲಗುವ ಕೋಣೆಯಿಂದ ಆಚೆಗೆ ದಬ್ಬಿದ್ದಕ್ಕೆ ಒಂದು. ಮತ್ತೊಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದಕ್ಕೆ ಒಂದು. ನ್ಯಾಯಾಧೀಶರೊಬ್ಬರನ್ನು ಅವಮಾನಿಸಿದ್ದಕ್ಕೆ ಒಂದು. ಒಬ್ಬ ಹುಡುಗಿಯೇ ಕದ್ದಿರಬೇಕೆಂದು ಸಂಶಯಪಟ್ಟದ್ದಕ್ಕೆ ಒಂದು. ದೂರು ಹೋದದ್ದು ಪೊಲೀಸರಿಗಲ್ಲ, ಆಡಳಿತ ಮಂಡಳಿಗೂ ಅಲ್ಲ. ಅದೇ ಮನೆಯ ಮಕ್ಕಳು ನಡೆಸುತ್ತಿದ್ದ ನ್ಯಾಯಾಲಯಕ್ಕೆ. ತೀರ್ಪು ಕೊಡಲು ಕುಳಿತವರು ಐದು ಮಕ್ಕಳು.

ಇದು ನಡೆದದ್ದು ನೂರು ವರ್ಷಕ್ಕೂ ಹಿಂದೆ, ಪೋಲೆಂಡಿನ ವಾರ್ಸಾ ನಗರದ ಒಂದು ಅನಾಥಾಲಯದಲ್ಲಿ. ಡಾಕ್ಟರ ಹೆಸರು ಯಾನುಷ್ ಕೋರ್ಚಾಕ್. ತಮ್ಮ ಕೈಕೆಳಗಿನ ಮಕ್ಕಳಿಗೆ ತಮ್ಮನ್ನೇ ವಿಚಾರಿಸುವ ಅಧಿಕಾರವನ್ನು ಅವರು ಯಾಕೆ ಕೊಟ್ಟರು, ಆ ಅಧಿಕಾರ ಸಿಕ್ಕಾಗ ಮಕ್ಕಳು ಏನು ಯೋಚಿಸಿದರು ಎಂಬುದು ಶಿಕ್ಷಣದ ಚರಿತ್ರೆಯಲ್ಲಿ ಇಂದಿಗೂ ಹಳತಾಗದ ಒಂದು ಅಧ್ಯಾಯ.

ಒಳ್ಳೆಯ ನಡತೆಯ ಬಗ್ಗೆ ಮಕ್ಕಳಿಗೆ ಹೇಳುವ ರೂಢಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಕಥೆ ಮುಗಿದ ಮೇಲೆ ಕೆಳಗೆ ದಪ್ಪಕ್ಷರದಲ್ಲಿ ‘ನೀತಿ’ ಎಂದು ಒಂದು ಸಾಲು. ಕಥೆ ಹೇಳುವವರು ದೊಡ್ಡವರು, ನೀತಿ ತೆಗೆಯುವವರೂ ದೊಡ್ಡವರು. ಮಗು ಮಾಡಬೇಕಾದದ್ದು ಬಾಯಿಪಾಠ. ಅದೇ ಕಥೆಯನ್ನು ಮಗುವಿನ ಮುಂದಿಟ್ಟು, ಇದರಲ್ಲಿ ಯಾರದು ತಪ್ಪು, ಎಷ್ಟು ತಪ್ಪು, ಈಗ ಏನು ಮಾಡೋಣ ಎಂದು ಕೇಳಿದವರು ಕಡಿಮೆ. ಕೋರ್ಚಾಕ್ ಕೇಳಿದರು. ಮೂರು ದಶಕಗಳ ಕಾಲ ಕೇಳುತ್ತಲೇ ಇದ್ದರು.

ಅವರ ಹುಟ್ಟುಹೆಸರು ಹೆನ್ರಿಕ್ ಗೋಲ್ಡ್‌ಶ್ಮಿಟ್. ವಾರ್ಸಾದ ಯಹೂದಿ ವಕೀಲರೊಬ್ಬರ ಮಗ. ತಂದೆ ಜನನ ನೋಂದಣಿಯನ್ನು ಮುಂದೆ ಹಾಕಿದ್ದರಿಂದ ಹುಟ್ಟಿದ ವರ್ಷ 1878ರೋ 1879ರೋ ಎಂಬ ಅನುಮಾನ ಅವರಿಗೇ ಕೊನೆಯವರೆಗೆ ಉಳಿಯಿತು. ತಂದೆ ಮಾನಸಿಕ ಕಾಯಿಲೆಗೆ ತುತ್ತಾಗಿ 1896ರಲ್ಲಿ ತೀರಿಕೊಂಡರು. ಹೆನ್ರಿಕ್ ಮನೆಪಾಠ ಹೇಳಿ ಸಂಸಾರ ನಡೆಸಬೇಕಾಯಿತು. 1898ರಲ್ಲಿ ಒಂದು ನಾಟಕ ಸ್ಪರ್ಧೆಗಾಗಿ ಇಟ್ಟುಕೊಂಡ ಕಾವ್ಯನಾಮವೇ ‘ಯಾನುಷ್ ಕೋರ್ಚಾಕ್’. ಆಮೇಲೆ ವೈದ್ಯಕೀಯ ಓದು, ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ, ರಷ್ಯಾ–ಜಪಾನ್ ಯುದ್ಧದಲ್ಲಿ ಸೇನಾ ವೈದ್ಯನ ಚಾಕರಿ. ವಾರ್ಸಾ ಆಗ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು.

ಹೆಸರು ಮಾಡಿದ ಮಕ್ಕಳ ವೈದ್ಯರಾಗಿ, ಓದುಗರು ಮೆಚ್ಚಿದ ಲೇಖಕರಾಗಿ ಅವರು ಸುಖವಾಗಿ ಇರಬಹುದಿತ್ತು. ಆದರೆ 1912ರ ಅಕ್ಟೋಬರಿನಲ್ಲಿ ಕ್ರೊಖ್ಮಾಲ್ನಾ ಬೀದಿಯ 92ನೇ ನಂಬರಿನ ಹೊಸ ಕಟ್ಟಡದಲ್ಲಿ ಯಹೂದಿ ಅನಾಥ ಮಕ್ಕಳಿಗಾಗಿ ‘ಡೋಮ್ ಸಿಯೆರೋತ್’ ತೆರೆದಾಗ ಅದರ ಹೊಣೆ ಹೊತ್ತುಕೊಂಡರು. ಹೆಸರಿನ ಅರ್ಥ ‘ಅನಾಥರ ಮನೆ’ ಎಂದಷ್ಟೇ. ಸುಮಾರು ನೂರು ಮಕ್ಕಳು. ಜೊತೆಗೆ ಸ್ಟೆಫಾನಿಯಾ ವಿಲ್ಚಿನ್ಸ್ಕಾ. ಬೆಲ್ಜಿಯಂನಲ್ಲಿ ಓದಿ ಬಂದಿದ್ದ ಈಕೆಯೇ ಮನೆಯ ದಿನನಿತ್ಯದ ವ್ಯವಹಾರವನ್ನೆಲ್ಲ ನಡೆಸಿದವರು. ಮೊದಲ ಮಹಾಯುದ್ಧದಲ್ಲಿ ಡಾಕ್ಟರು ಮತ್ತೆ ಸೇನೆಗೆ ಹೋದಾಗ ಆ ವರ್ಷಗಳನ್ನೆಲ್ಲ ಒಬ್ಬರೇ ನಿಭಾಯಿಸಿದರು. ಕೋರ್ಚಾಕ್ ಹೆಸರಿನ ನೆರಳಲ್ಲಿ ವಿಲ್ಚಿನ್ಸ್ಕಾ ಹೆಸರು ಮಸುಕಾಗಿದೆ. ಆದರೆ ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ, ಹೊತ್ತಿಗೆ ಸರಿಯಾಗಿ ಎಲ್ಲವೂ ನಡೆಯದ ಮನೆಯಲ್ಲಿ ಯಾವ ಪ್ರಯೋಗವೂ ನಿಲ್ಲುವುದಿಲ್ಲ.

ಮಕ್ಕಳು ಊರಿನ ಶಾಲೆಗಳಿಗೆ ಹೋಗಿ ಬರುತ್ತಿದ್ದರು. ಮನೆಯ ಗುಡಿಸುವ, ಒರೆಸುವ, ಬಡಿಸುವ ಕೆಲಸಗಳನ್ನು ಸರದಿಯಂತೆ ಹಂಚಿಕೊಂಡಿದ್ದರು. ಪೊರಕೆಯನ್ನು ಬಾಗಿಲ ಹಿಂದೆ ಬಚ್ಚಿಡದೆ ಎಲ್ಲರ ಕಣ್ಣಿಗೆ ಬೀಳುವ ಗೌರವದ ಜಾಗದಲ್ಲಿ ಇಡಬೇಕೆಂಬುದು ಡಾಕ್ಟರ ಹಟ. ವಾರಕ್ಕೊಮ್ಮೆ ಪ್ರತಿ ಮಗುವನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳುತ್ತಿದ್ದರು. ಮೈ ಬೆಳೆಯುವುದನ್ನು ತಕ್ಕಡಿ ತೋರಿಸುತ್ತದೆ. ನಡತೆ ಬೆಳೆಯುವುದನ್ನು ತಿಳಿಯುವುದು ಹೇಗೆ? ಅದಕ್ಕೆ ಅವರು ಕಟ್ಟಿದ ವ್ಯವಸ್ಥೆಗಳಲ್ಲಿ ಮೊದಲನೆಯದು ನ್ಯಾಯಾಲಯ.

ಅದರ ಕ್ರಮ ಸರಳ. ಯಾರಿಗಾದರೂ ಅನ್ಯಾಯವಾಯಿತೆಂದು ಅನಿಸಿದರೆ ತನ್ನ ಹೆಸರು, ಎದುರಾಳಿಯ ಹೆಸರು, ದೂರು ಏನೆಂಬುದನ್ನು ಬರೆಸಬೇಕು. ವಾರಕ್ಕೊಮ್ಮೆ ವಿಚಾರಣೆ. ಆ ವಾರ ಯಾವ ಮಕ್ಕಳ ಮೇಲೆ ಒಂದೂ ದೂರಿಲ್ಲವೋ ಅವರೊಳಗಿಂದ ಚೀಟಿ ಎತ್ತಿ ಐದು ಮಂದಿಯನ್ನು ಆರಿಸುತ್ತಿದ್ದರು. ಹಾಗಾಗಿ ಇಂದು ನ್ಯಾಯಾಧೀಶನಾದವನು ಮುಂದಿನ ವಾರ ಕಟಕಟೆಯಲ್ಲಿ ನಿಲ್ಲಬಹುದು. ದೊಡ್ಡವರೊಬ್ಬರು ಕಾರ್ಯದರ್ಶಿಯಾಗಿ ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದರು, ಆದರೆ ತೀರ್ಪಿನಲ್ಲಿ ಅವರಿಗೆ ಮತವಿಲ್ಲ.

ಈ ನ್ಯಾಯಾಲಯಕ್ಕೆ ಕೋರ್ಚಾಕ್ ಒಂದು ದಂಡಸಂಹಿತೆ ಬರೆದುಕೊಟ್ಟರು. ಕಲಂಗಳ ಸಂಖ್ಯೆ 1ರಿಂದ 1000ದವರೆಗೆ. ವಿಚಿತ್ರವೆಂದರೆ ಮೊದಲ 99 ಕಲಂಗಳಲ್ಲಿ ದಂಡನೆಯೇ ಇಲ್ಲ. ಎಲ್ಲವೂ ದೂರು ಕೈಬಿಡುವ, ಕ್ಷಮಿಸುವ ಬೇರೆ ಬೇರೆ ಬಗೆಗಳು. ತಿಳಿಯದೆ ಮಾಡಿದ್ದಕ್ಕೆ ಒಂದು, ಬೇಕೆಂದು ಮಾಡದ್ದಕ್ಕೆ ಒಂದು, ಬೇರೆಯವರ ಮಾತು ಕೇಳಿ ಕೆಟ್ಟದ್ದಕ್ಕೆ ಒಂದು, ಪಶ್ಚಾತ್ತಾಪಪಟ್ಟವನಿಗೆ ಒಂದು. ತಪ್ಪಿನ ಮಾತು ಶುರುವಾಗುವುದೇ 100ನೇ ಕಲಂನಿಂದ. ಅಲ್ಲಿಂದ ನೂರು ನೂರಾಗಿ ಮೇಲೇರುತ್ತದೆ. 500ಕ್ಕೆ ಬಂದರೆ ತೀರ್ಪು ಮನೆಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. 700 ಆದರೆ ಸಂಬಂಧಿಕರಿಗೂ ತಿಳಿಸುತ್ತಾರೆ. 900 ಎಂದರೆ ನ್ಯಾಯಾಲಯ ಆಸೆ ಬಿಟ್ಟಿದೆ, ಯಾರಾದರೂ ಮುಂದೆ ಬಂದು ಈ ಮಗುವಿಗೆ ನಾನು ಜವಾಬ್ದಾರಿ ಎಂದರೆ ಮಾತ್ರ ಉಳಿಯಬಹುದು. 1000 ಎಂದರೆ ಮನೆಯಿಂದ ಹೊರಗೆ. ಹಾಗೆ ಹೊರಹೋದವರಿಗೂ ಮೂರು ತಿಂಗಳ ನಂತರ ಮತ್ತೆ ಸೇರಿಸಿಕೊಳ್ಳಿ ಎಂದು ಕೇಳುವ ಹಕ್ಕು ಇತ್ತು.

ಹೊಡೆತ, ಉಪವಾಸ, ಕತ್ತಲೆ ಕೋಣೆ ಯಾವುದೂ ಈ ಸಂಹಿತೆಯಲ್ಲಿಲ್ಲ. ಶಿಕ್ಷೆ ಎಂದರೆ ಮುಖ್ಯವಾಗಿ ಒಂದು ಸಂಖ್ಯೆ, ಮತ್ತು ಆ ಸಂಖ್ಯೆ ನಾಲ್ಕು ಜನಕ್ಕೆ ಗೊತ್ತಾಗುವುದು. ಮಕ್ಕಳ ಕೈಗೆ ಅಧಿಕಾರ ಕೊಟ್ಟರೆ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಭಯ ದೊಡ್ಡವರಿಗೆ ಸಹಜ. ಕ್ರೊಖ್ಮಾಲ್ನಾ ಬೀದಿಯಲ್ಲಿ ಬಹುಪಾಲು ದೂರುಗಳು ನೂರರ ಒಳಗೇ ಮುಗಿಯುತ್ತಿದ್ದವು. ಐದು ಮಕ್ಕಳು ಕುಳಿತು, ಇವನು ಹೊಡೆದದ್ದು ನಿಜ, ಆದರೆ ಯಾಕೆ ಹೊಡೆದ ಎಂದು ಕೇಳುವಾಗಲೇ ಅವರ ಅರ್ಧ ಕಲಿಕೆ ಆಗಿಹೋಗುತ್ತಿತ್ತು. ಕ್ಷಮಿಸುವುದಕ್ಕೂ ಕಾರಣ ಹುಡುಕಬೇಕು, ನಿನ್ನದು ಯಾವ ಬಗೆಯ ತಪ್ಪು ಎಂದು ಗುರುತಿಸಬೇಕು ಎಂಬುದನ್ನು ಯಾವ ನೀತಿಪಾಠವೂ ಅಷ್ಟು ಚೆನ್ನಾಗಿ ಹೇಳಿಕೊಡಲಾರದು.

ಆದರೂ ಇದು ಸಲೀಸಾಗಿ ನಡೆದ ಕಥೆಯಲ್ಲ. ಕೋರ್ಚಾಕ್ ತಮ್ಮ ಸೋಲುಗಳನ್ನು ಮುಚ್ಚಿಡದೆ ಬರೆದಿದ್ದಾರೆ. ಕೆಲವು ಮಕ್ಕಳಿಗೆ ನ್ಯಾಯಾಲಯ ತಮಾಷೆಯಾಯಿತು. ಶಿಕ್ಷೆಯೇ ಇಲ್ಲವಲ್ಲ ಎಂದು ಪುಂಡರು ನಕ್ಕರು. ಮಾತುಮಾತಿಗೂ ದೂರು ಕೊಡುತ್ತೇನೆಂದು ಹೆದರಿಸುವ ಚಾಳಿ ಹುಟ್ಟಿತು. ಕೊನೆಗೆ ಡಾಕ್ಟರು ಕೆಲವು ವಾರ ನ್ಯಾಯಾಲಯವನ್ನೇ ಮುಚ್ಚಿದರು. ಅದನ್ನು ಮತ್ತೆ ತೆರೆದಾಗ ಹೊಸ ನಿಯಮಗಳು ಬಂದವು. ತೀರ್ಪು ಒಪ್ಪದವರು ಒಂದು ತಿಂಗಳ ನಂತರ ಮರುವಿಚಾರಣೆ ಕೇಳಬಹುದು. ಕ್ಲಿಷ್ಟ ವಿಷಯಗಳಿಗೆ ಗುಪ್ತಮತದಿಂದ ಆಯ್ಕೆಯಾದ ಮಕ್ಕಳೂ ಇರುವ ಒಂದು ಮಂಡಳಿ. ಇವೆರಡಕ್ಕಿಂತ ದೊಡ್ಡದು ಮೂರನೆಯದು: ಮಕ್ಕಳು ಇನ್ನು ಮೇಲೆ ದೊಡ್ಡವರ ಮೇಲೂ ದೂರು ಕೊಡಬಹುದು.

ಆ ಐದು ದೂರುಗಳಿಗೆ ಅರ್ಥ ಬರುವುದು ಇಲ್ಲಿ. ತಮ್ಮನ್ನು ನಿಜವಾದ ಶಿಕ್ಷಕನನ್ನಾಗಿ ಮಾಡಿದ್ದು ಆ ಕೆಲವು ಮೊಕದ್ದಮೆಗಳೇ ಎಂದು ಕೋರ್ಚಾಕ್ ಆಮೇಲೆ ನೆನೆದರು. ಅವರ ವಾದ ಹೀಗಿತ್ತು: ಮಕ್ಕಳನ್ನು ಪ್ರೀತಿಸುತ್ತೇನೆ, ಅದಕ್ಕೇ ಅವರಿಗೆ ಅನ್ಯಾಯ ಮಾಡುವುದಿಲ್ಲ ಎನ್ನುವುದು ಸಾಲದು. ಪ್ರೀತಿ ಇಂದು ಇರುತ್ತದೆ, ನಾಳೆ ತಲೆನೋವು ಬಂದರೆ ಇರುವುದಿಲ್ಲ. ದೊಡ್ಡವರ ಸಿಟ್ಟು, ಲಹರಿ, ಸುಸ್ತು ಇವುಗಳಿಂದ ಮಗುವನ್ನು ಕಾಯುವ ಒಂದು ಸಂಸ್ಥೆ ಇರಬೇಕು. ರಾಜನಿಗೂ ಪ್ರಜೆಗೂ ನಡುವೆ ಸಂವಿಧಾನ ಇದ್ದ ಹಾಗೆ. ಒಳ್ಳೆಯ ನಡತೆ ಮಕ್ಕಳ ಒಬ್ಬರ ಪಾಠವಲ್ಲ ಎಂಬುದನ್ನು ಅವರು ಭಾಷಣದಲ್ಲಿ ಹೇಳದೆ ಕಟಕಟೆಯಲ್ಲಿ ನಿಂತು ತೋರಿಸಿದರು.

ಮನೆಯ ಇತರ ವ್ಯವಸ್ಥೆಗಳೂ ಇದೇ ಜಾಡಿನವು. ಡಾಕ್ಟರಿಗೆ ಹೇಳಬೇಕಾದದ್ದನ್ನು ಬರೆದು ಹಾಕಲು ಒಂದು ಅಂಚೆಪೆಟ್ಟಿಗೆ ಇತ್ತು. ಬಾಯಲ್ಲಿ ಹೇಳಿದರಾಗದೇ? ಆಗುತ್ತದೆ. ಆದರೆ ಬರೆಯಲು ಕುಳಿತಾಗ ಯಾವುದು ದೊಡ್ಡ ವಿಷಯ, ಯಾವುದು ಚಿಲ್ಲರೆ ಎಂದು ಮಗುವೇ ವಿಂಗಡಿಸಬೇಕಾಗುತ್ತದೆ, ಉತ್ತರಕ್ಕೆ ಕಾಯಲು ಕಲಿಯುತ್ತದೆ. ಬಿದ್ದು ಸಿಕ್ಕ ವಸ್ತುಗಳಿಗೆ ಗಾಜಿನ ಬೀರು ಇತ್ತು. ದೊಡ್ಡವರ ಕಣ್ಣಿಗೆ ಕಸವಾದ ಗುಂಡಿ, ದಾರ, ಗಾಜಿನ ಚೂರಿಗೂ ಒಬ್ಬ ಒಡೆಯ ಇದ್ದಾನೆ ಎಂಬ ತಿಳಿವಳಿಕೆ ಅದರ ಹಿಂದೆ. ಹೊಸದಾಗಿ ಬಂದ ಮಗುವನ್ನು ಮೊದಲ ಮೂರು ತಿಂಗಳು ಹಳಬ ಮಗುವೊಂದು ನೋಡಿಕೊಳ್ಳುತ್ತಿತ್ತು.

ಎಲ್ಲಕ್ಕಿಂತ ಚೆಂದದ್ದು ಪಂದ್ಯ. ಕೆಟ್ಟ ಚಾಳಿ ಬಿಡಬೇಕೆಂದುಕೊಂಡ ಮಗು ಡಾಕ್ಟರ ಜೊತೆ ಪಂದ್ಯ ಕಟ್ಟುತ್ತಿತ್ತು: ಈ ವಾರ ಇಷ್ಟು ಸಲಕ್ಕಿಂತ ಹೆಚ್ಚು ಜಗಳ ಆಡುವುದಿಲ್ಲ, ಇಷ್ಟಕ್ಕಿಂತ ಹೆಚ್ಚು ಸುಳ್ಳು ಹೇಳುವುದಿಲ್ಲ. ಒಮ್ಮೆಗೇ ಸೊನ್ನೆಗೆ ಇಳಿಸುತ್ತೇನೆಂದು ಉತ್ಸಾಹದಿಂದ ಬಂದವರಿಗೆ, ಮೊದಲು ಸ್ವಲ್ಪ ಕಡಿಮೆ ಮಾಡು ಎಂದು ಡಾಕ್ಟರೇ ಚೌಕಾಸಿ ಮಾಡುತ್ತಿದ್ದರು. ವಾರದ ಕೊನೆಗೆ ಗೆದ್ದೆನೋ ಸೋತೆನೋ ಎಂದು ಮಗುವೇ ಹೇಳಬೇಕು. ಅದರ ಮಾತೇ ಸಾಕ್ಷಿ. ಗೆದ್ದರೆ ಮಿಠಾಯಿ. ನಡತೆ ಎನ್ನುವುದು ಒಂದೇ ರಾತ್ರಿಯಲ್ಲಿ ಆಗುವ ಪವಾಡವಲ್ಲ, ದಿನದಿನದ ಲೆಕ್ಕ ಎಂಬುದು ಅಲ್ಲಿಯ ಮಕ್ಕಳಿಗೆ ಮಿಠಾಯಿಯ ಜೊತೆ ತಿಳಿಯುತ್ತಿತ್ತು.

ಇಂದಿನ ಕಣ್ಣಿಗೆ ಒಪ್ಪಿಗೆಯಾಗದ ಸಂಗತಿಗಳೂ ಅಲ್ಲಿದ್ದವು. ಪ್ರತಿ ಮಗುವಿನ ಬಗ್ಗೆಯೂ ಉಳಿದ ಮಕ್ಕಳು ಮತ ಹಾಕುತ್ತಿದ್ದರು: ಇಷ್ಟ, ಇಷ್ಟವಿಲ್ಲ, ಎರಡೂ ಅಲ್ಲ. ಆ ಮತಗಳ ಮೇಲೆ ಮನೆಯಲ್ಲಿ ಮಗುವಿನ ದರ್ಜೆ ನಿರ್ಧಾರವಾಗುತ್ತಿತ್ತು. ತನ್ನನ್ನು ಎಷ್ಟು ಜನ ಇಷ್ಟಪಡುವುದಿಲ್ಲ ಎಂಬ ಎಣಿಕೆಯನ್ನು ಹೊತ್ತು ಓಡಾಡುವುದು ಎಳೆಯ ಮನಸ್ಸಿಗೆ ಸಣ್ಣ ಭಾರವಲ್ಲ. ಕೋರ್ಚಾಕ್ ಮಕ್ಕಳನ್ನು ದೇವರೆಂದು ಪೂಜಿಸಿದವರಂತೂ ಅಲ್ಲ. ಅವರ ಪ್ರಸಿದ್ಧ ಮಕ್ಕಳ ಕಾದಂಬರಿ ‘ಮೊದಲನೆಯ ಮಾಟ್ ರಾಜ’ ಬಂದದ್ದು 1920ರ ದಶಕದ ಆರಂಭದಲ್ಲಿ. ಅದರಲ್ಲಿ ಬಾಲಕ ದೊರೆ ಮಕ್ಕಳಿಗಾಗಿ ಸಂಸತ್ತು ತೆರೆಯುತ್ತಾನೆ. ಮಕ್ಕಳು ದೊಡ್ಡವರ ಕೆಲಸಕ್ಕೆ, ದೊಡ್ಡವರು ಶಾಲೆಗೆ ಹೋಗುವಂತಾಗುತ್ತದೆ. ರಾಜ್ಯ ಅಸ್ತವ್ಯಸ್ತವಾಗುತ್ತದೆ, ಮಾಟ್ ಸಿಂಹಾಸನ ಕಳೆದುಕೊಳ್ಳುತ್ತಾನೆ. ಬೆಳೆಯುವುದಕ್ಕೆ ಸಮಯ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಬೆಳೆಯುವ ತನಕ ಮಗುವಿನ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಮಾತ್ರ ಅವರು ಒಪ್ಪಲಿಲ್ಲ.

ಒಂದು ಮನೆಯ ನೂರು ಮಕ್ಕಳ ಮಾತಿಗೆ ಸಿಕ್ಕ ಈ ಬೆಲೆ ಇಡೀ ದೇಶದ ಮಕ್ಕಳಿಗೆ ಸಿಕ್ಕರೆ? ಪತ್ರಿಕೆಯೊಂದರ ಮೂಲಕ ಅದನ್ನೂ ಅವರು ಮಾಡಿ ನೋಡಿದರು. ಪೋಲಿಷ್ ಭಾಷೆಯಲ್ಲಿ ಬರುತ್ತಿದ್ದ ಯಹೂದಿ ದಿನಪತ್ರಿಕೆ ‘ನಾಶ್ ಪ್ಶೆಗ್ಲೋಂಡ್’ ತನ್ನ ಶುಕ್ರವಾರದ ಪುರವಣಿಯನ್ನು ಅವರಿಗೆ ಬಿಟ್ಟುಕೊಟ್ಟಿತು. 1926ರ ಅಕ್ಟೋಬರ್ 9ರಂದು ‘ಮಾವಿ ಪ್ಶೆಗ್ಲೋಂಡ್’, ಅಂದರೆ ‘ಪುಟ್ಟ ಸಮೀಕ್ಷೆ’, ಮೊದಲ ಸಲ ಹೊರಬಂತು. ಇದು ದೊಡ್ಡವರು ಮಕ್ಕಳಿಗಾಗಿ ಬರೆದ ಪತ್ರಿಕೆಯಲ್ಲ, ಮಕ್ಕಳೇ ಬರೆದ ಪತ್ರಿಕೆ. ಅಕ್ಷರ ಚೆನ್ನಾಗಿಲ್ಲವೆಂದು, ಕಾಗುಣಿತ ತಪ್ಪೆಂದು ಯಾರೂ ನಾಚಿಕೊಳ್ಳಬೇಕಾಗಿರಲಿಲ್ಲ. ಬರೆಯಲು ಬಾರದವರು ಕಚೇರಿಗೆ ಬಂದು ಹೇಳಿ ಬರೆಸಬಹುದಿತ್ತು. ಪ್ರಕಟವಾದ ಬರಹಗಳಿಗೆ ಸಂಭಾವನೆಯೂ ಇತ್ತು. ಪೋಲೆಂಡಿನ ಊರೂರುಗಳಿಂದ ಕಾಗದಗಳು ಬಂದವು.

ಆ ಕಾಗದಗಳಲ್ಲಿ ದೊಡ್ಡ ತತ್ತ್ವವೇನೂ ಇರಲಿಲ್ಲ. ಮನೆ, ಶಾಲೆ, ಸ್ನೇಹ, ಜಗಳ, ಅಪ್ಪ ಅಮ್ಮ ಉಳಿಸಿಕೊಳ್ಳದ ಮಾತು, ಮೇಷ್ಟ್ರ ಪಕ್ಷಪಾತ, ಯಹೂದಿ ಎಂದು ಬೀದಿಯಲ್ಲಿ ಕೇಳಬೇಕಾದ ಬೈಗುಳ. ದೊಡ್ಡವರು ‘ಇದೊಂದು ವಿಷಯವೇ?’ ಎಂದು ತಳ್ಳಿಹಾಕುವಂಥವೇ ಹೆಚ್ಚು. ಪತ್ರಿಕೆ ಅವನ್ನು ತಳ್ಳಿಹಾಕಲಿಲ್ಲ. ಮಗುವಿನ ಗುಂಡಿಗೆ ಗಾಜಿನ ಬೀರುವಿನಲ್ಲಿ ಜಾಗ ಇದ್ದಂತೆ, ಮಗುವಿನ ದುಃಖಕ್ಕೆ ಅಚ್ಚಿನಲ್ಲಿ ಜಾಗ ಸಿಕ್ಕಿತು. ತನ್ನ ಮಾತು ಅಚ್ಚಾದದ್ದನ್ನು ನೋಡಿದ ಮಗು ಮುಂದಿನ ಸಲ ಬರೆಯುವಾಗ ಇದು ನಿಜವೇ, ನ್ಯಾಯವೇ ಎಂದು ಎರಡು ಸಲ ಯೋಚಿಸುತ್ತದೆ. ಬರವಣಿಗೆ ಕಲಿಸುವುದಕ್ಕೂ ನಡತೆ ಕಲಿಸುವುದಕ್ಕೂ ಅಲ್ಲಿ ಅಂಥ ವ್ಯತ್ಯಾಸವೇನೂ ಉಳಿಯಲಿಲ್ಲ. 1930ರಲ್ಲಿ ಕೋರ್ಚಾಕ್ ಸಂಪಾದಕತ್ವವನ್ನು ತರುಣ ಇಗೋರ್ ನೆವೆರ್ಲಿಗೆ ವಹಿಸಿದರು. ಪತ್ರಿಕೆಯ ಕೊನೆಯ ಸಂಚಿಕೆಯ ತಾರೀಖು 1939ರ ಸೆಪ್ಟೆಂಬರ್ 1, ಶುಕ್ರವಾರ. ಜರ್ಮನಿಯ ಸೇನೆ ಪೋಲೆಂಡಿನೊಳಗೆ ನುಗ್ಗಿದ್ದು ಅದೇ ದಿನ.

ಅದಕ್ಕೆ ಮೊದಲೇ ಗಾಳಿ ಬದಲಾಗಿತ್ತು. 1930ರ ದಶಕದ ಮಧ್ಯಭಾಗದಲ್ಲಿ ಕೋರ್ಚಾಕ್ ಪೋಲಿಷ್ ರೇಡಿಯೊದಲ್ಲಿ ಮಕ್ಕಳ ಬಗ್ಗೆ ಮಾತಾಡುತ್ತಿದ್ದರು. ಕೇಳುಗರಿಗೆ ಅವರು ಬರೀ ‘ಮುದಿ ಡಾಕ್ಟರು’. ಯಹೂದಿ ಎಂಬ ಕಾರಣಕ್ಕೆ ಹೆಸರು ಹೇಳುತ್ತಿರಲಿಲ್ಲ. ಜನ ಮೆಚ್ಚಿದ ಆ ಕಾರ್ಯಕ್ರಮವೂ ಯಹೂದಿ ದ್ವೇಷ ಏರಿದಾಗ ನಿಂತಿತು. 1940ರ ನವೆಂಬರಿನಲ್ಲಿ ವಾರ್ಸಾದ ಯಹೂದಿಗಳನ್ನೆಲ್ಲ ಗೋಡೆ ಕಟ್ಟಿದ ಗೆಟ್ಟೊ ಒಳಗೆ ತುಂಬಿದರು. ಕ್ರೊಖ್ಮಾಲ್ನಾ ಬೀದಿಯ ಮನೆ ಬಿಟ್ಟು ಮಕ್ಕಳು ಅಲ್ಲಿಗೆ ಹೋಗಬೇಕಾಯಿತು. ಮಕ್ಕಳ ಸಂಖ್ಯೆ ಸುಮಾರು 200ಕ್ಕೆ ಏರಿತು. ಸ್ಥಳಾಂತರದ ಹೊತ್ತಿನಲ್ಲಿ ಮಕ್ಕಳಿಗೆಂದು ತಂದ ಆಲೂಗಡ್ಡೆಯನ್ನು ಕಿತ್ತುಕೊಂಡಾಗ ಕೇಳಲು ಹೋದ ಡಾಕ್ಟರು, ಯಹೂದಿಗಳಿಗೆ ಕಡ್ಡಾಯವಾಗಿದ್ದ ತೋಳಪಟ್ಟಿ ಧರಿಸದ್ದಕ್ಕೆ ಜೈಲು ಕಂಡರು. ಅರವತ್ತು ದಾಟಿದ ಆ ಮನುಷ್ಯ ಬಿಡುಗಡೆಯಾದ ಮೇಲೆ ಮನೆಮನೆ ಅಲೆದು ಮಕ್ಕಳಿಗೆ ಅನ್ನ ಬೇಡಿದರು.

1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕ ಆಡಿದರು. ಎಸ್ತೆರ್ಕಾ ವಿನೊಗ್ರೊನ್ ಎಂಬ ಶಿಕ್ಷಕಿ ಆಡಿಸಿದ ಆ ನಾಟಕ ರವೀಂದ್ರನಾಥ ಟ್ಯಾಗೋರರ ‘ಡಾಕಘರ್’. ಬಂಗಾಳದ ಹಳ್ಳಿಯ ಕಥೆ, ವಾರ್ಸಾದ ಗೆಟ್ಟೊದಲ್ಲಿ. ಅಮಲ್ ಎಂಬ ಹುಡುಗನನ್ನು ಮಾಧವ ದತ್ತ ಸಾಕಿಕೊಂಡಿದ್ದಾನೆ. ಹುಡುಗನಿಗೆ ಕಾಯಿಲೆ. ಹೊರಗೆ ಬಿಡಬೇಡಿ, ಬಾಗಿಲು ಕಿಟಕಿ ಮುಚ್ಚಿ ಎಂದು ವೈದ್ಯ ಹೇಳಿದ್ದಾನೆ. ಪುಸ್ತಕ ಓದಿ ಪಂಡಿತನಾಗು ಎಂದು ದೊಡ್ಡವರು ಹೇಳಿದರೆ ಅಮಲ್‌ಗೆ ಅದು ಬೇಡ. ಅವನಿಗೆ ಇರುವುದನ್ನೆಲ್ಲ ಕಣ್ಣಾರೆ ನೋಡಬೇಕು. ಕಿಟಕಿಯಲ್ಲಿ ಕುಳಿತು ಮೊಸರು ಮಾರುವವನನ್ನು ಮಾತಿಗೆಳೆಯುತ್ತಾನೆ, ದೊಡ್ಡವನಾದ ಮೇಲೆ ನಿನ್ನ ಹಾಗೆ ಊರೂರು ಸುತ್ತಿ ಮೊಸರು ಮಾರುತ್ತೇನೆ ಎನ್ನುತ್ತಾನೆ. ಮೊಸರು ಮಾರುವುದರಲ್ಲೂ ಸುಖವಿದೆ ಎಂಬುದು ಆ ಹುಡುಗನಿಂದಲೇ ಮೊಸರಿನವನಿಗೆ ತಿಳಿಯುತ್ತದೆ. ಕೊನೆಗೆ ರಾಜವೈದ್ಯ ಬಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆಸುತ್ತಾನೆ. ಅಮಲ್ ನಿದ್ದೆ ಹೋಗುತ್ತಾನೆ.

ಮಕ್ಕಳು ಸಾವನ್ನು ಶಾಂತವಾಗಿ ಎದುರುಗೊಳ್ಳಲಿ ಎಂದು ಡಾಕ್ಟರು ಈ ನಾಟಕ ಆರಿಸಿದರು ಎನ್ನುತ್ತಾರೆ. ಇರಬಹುದು. ಆದರೆ ಅಮಲ್ ಸಾವಿನ ಪಾತ್ರವಷ್ಟೇ ಅಲ್ಲ. ದೊಡ್ಡವನಾದ ಮೇಲೆ ಏನಾಗಬೇಕು, ಕಲಿಯುವುದೆಂದರೆ ಏನು ಎಂದು ತಾನೇ ಯೋಚಿಸುವ ಮಗು ಅವನು. ಕ್ರೊಖ್ಮಾಲ್ನಾ ಬೀದಿಯ ಮಕ್ಕಳು ಇಷ್ಟು ವರ್ಷ ಮಾಡಿಕೊಂಡು ಬಂದದ್ದೂ ಅದನ್ನೇ.

ನಾಲ್ಕು ದಿನಗಳಲ್ಲಿ, ಜುಲೈ 22ರಂದು, ಗೆಟ್ಟೊದಿಂದ ಜನರನ್ನು ಸಾಗಿಸುವುದು ಶುರುವಾಯಿತು. ತಪ್ಪಿಸಿಕೊಳ್ಳಿ, ಅಡಗಲು ಜಾಗ ಕೊಡುತ್ತೇವೆ ಎಂದು ಗೆಳೆಯರು ಕರೆದರೂ ಕೋರ್ಚಾಕ್ ಹೋಗಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಮಕ್ಕಳನ್ನು ಸಾಲಾಗಿ ರೈಲಿನತ್ತ ನಡೆಸಿದಾಗ ಡಾಕ್ಟರು, ವಿಲ್ಚಿನ್ಸ್ಕಾ ಮತ್ತು ಮನೆಯ ಇತರ ಶಿಕ್ಷಕರು ಜೊತೆಗೆ ನಡೆದರು. ಟ್ರೆಬ್ಲಿಂಕಾ ಶಿಬಿರದಿಂದ ಯಾರೂ ಮರಳಲಿಲ್ಲ. ಇಂದು ಅಲ್ಲಿಯ ಸ್ಮಾರಕದಲ್ಲಿ ಸುಮಾರು 17,000 ಕಲ್ಲುಗಳಿವೆ. ಹಲವು ಕಲ್ಲುಗಳ ಮೇಲೆ ಊರುಗಳ ಹೆಸರಿವೆ. ವ್ಯಕ್ತಿಯ ಹೆಸರಿರುವ ಕಲ್ಲು ಒಂದೇ. ಅದರಲ್ಲಿ ಕೋರ್ಚಾಕ್ ಹೆಸರು, ಜೊತೆಗೆ ‘ಮತ್ತು ಮಕ್ಕಳು’ ಎಂಬ ಮಾತು.

ಆ ಕೊನೆಯ ನಡಿಗೆಯಿಂದಾಗಿಯೇ ಲೋಕ ಅವರನ್ನು ನೆನೆಯುತ್ತದೆ. ಅದು ಸಹಜ. ಆದರೆ ಅಷ್ಟನ್ನೇ ನೆನೆದರೆ ಮೂವತ್ತು ವರ್ಷದ ಕೆಲಸ ಮರೆಗೆ ಸರಿಯುತ್ತದೆ. ಯುದ್ಧ ಮುಗಿದ ಮೇಲೆ, 1978ರಲ್ಲಿ, ಮಕ್ಕಳ ಹಕ್ಕುಗಳಿಗೆ ಒಂದು ಅಂತರರಾಷ್ಟ್ರೀಯ ಒಡಂಬಡಿಕೆ ಬೇಕೆಂದು ವಿಶ್ವಸಂಸ್ಥೆಯ ಮುಂದೆ ಕರಡು ಇಟ್ಟದ್ದು ಪೋಲೆಂಡ್. 1989ರ ನವೆಂಬರ್ 20ರಂದು ಅದು ಅಂಗೀಕಾರವಾಯಿತು, ಭಾರತ 1992ರಲ್ಲಿ ಒಪ್ಪಿಕೊಂಡಿತು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗು ಅಭಿಪ್ರಾಯ ಹೇಳಬಹುದು, ಅದಕ್ಕೆ ತಕ್ಕ ಬೆಲೆ ಸಿಗಬೇಕು ಎನ್ನುತ್ತದೆ ಅದರ 12ನೇ ವಿಧಿ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯ ಬೇರಿನಲ್ಲಿರುವುದೂ ಇದೇ ತಿಳಿವಳಿಕೆ: ಶಾಲೆಯ ಶೌಚಾಲಯದ ಬಗ್ಗೆ, ನೀರಿನ ಬಗ್ಗೆ ಮಕ್ಕಳು ಎದ್ದು ನಿಂತು ಕೇಳಬೇಕು, ಉತ್ತರ ಕೊಡಬೇಕಾದ ದೊಡ್ಡವರು ಎದುರು ಕುಳಿತಿರಬೇಕು.

ಸಭೆ ಕರೆಯುವುದು ಸುಲಭ. ಕರೆದ ಮೇಲೆ ಮಕ್ಕಳು ನಮ್ಮ ತಪ್ಪನ್ನೇ ಎತ್ತಿ ಆಡಿದರೆ ಕೂತು ಕೇಳುವುದು ಕಷ್ಟ. ಮಾತು ಕೇಳು, ದೊಡ್ಡವರಿಗೆ ಎದುರಾಡಬೇಡ ಎಂದು ಹೇಳಿಸಿಕೊಂಡೇ ಬೆಳೆದವರಿಗೆ ಅದು ಇನ್ನಷ್ಟು ಕಷ್ಟ. ವಾರ್ಸಾದ ಆ ಡಾಕ್ಟರಿಗೂ ಅದು ಸುಲಭವಿರಲಿಲ್ಲ. ಅವರೂ ಸಿಟ್ಟಿನಲ್ಲಿ ಕೈ ಎತ್ತಿದವರೇ, ಸುಮ್ಮಸುಮ್ಮನೆ ಒಂದು ಹುಡುಗಿಯ ಮೇಲೆ ಸಂಶಯಪಟ್ಟವರೇ. ಆ ತಪ್ಪುಗಳು ನಮಗೆ ಇಂದು ಗೊತ್ತಿರುವುದು ಅವರೇ ಹೋಗಿ ದೂರು ಬರೆಸಿ, ಐದು ಮಕ್ಕಳ ತೀರ್ಪಿಗೆ ಕಾದದ್ದರಿಂದ.